ಬೇರ್ಪಡಿಸಿದ ಕಸ ಲಾರಿಯಲ್ಲಿ ಒಂದಾಗುವುದಾದರೆ, ಸುಟ್ಟು ವಿದ್ಯುತ್ ತಯಾರಿಸುವುದೇ ಮೇಲಲ್ಲವೇ?

ಪ್ರಶ್ನೆ: ವಿಜಯನಗರ ನಿವಾಸಿ, ಬೆಂಗಳೂರು

ಮಾನ್ಯರೇ,

ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್ ಮತ್ತು ಸ್ಯಾನಿಟರಿ ಪ್ಯಾಡ್‌ಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಕ್ರಮವನ್ನು ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಕಡ್ಡಾಯಗೊಳಿಸಿದಂದಿನಿಂದ ನಮ್ಮ ಮನೆಯಲ್ಲಿ ಅದನ್ನು ತಪ್ಪದೆ ಪಾಲಿಸುತ್ತಿದ್ದೇವೆ. ಆದರೆ ಬೆಳಿಗ್ಗೆ ಬರುವ ಆಟೊ ಟಿಪ್ಪರಿನಲ್ಲಿ ನಡೆಯುವುದೇ ಬೇರೆ. ಹಸಿರು ಬುಟ್ಟಿಯದನ್ನು ಸುರಿದ ಮೇಲೆ ಕೆಂಪು ಬುಟ್ಟಿಯದನ್ನೂ ಅದರ ಮೇಲೆಯೇ ಸುರಿಯುತ್ತಾರೆ. ಹಾಲಿನ ಕವರು, ರಟ್ಟು, ಬಾಟಲಿಗಳನ್ನು ಗಾಡಿಯ ಪಕ್ಕಕ್ಕೆ ನೇತುಹಾಕಿದ ಗೋಣಿಚೀಲಗಳಿಗೆ ತುಂಬಿಕೊಳ್ಳುತ್ತಾರೆ. ಉಳಿದ ಒಣ ಕಸವೂ ರಾಶಿಗೇ ಸೇರುತ್ತದೆ. ಮುಂದೆ ಮುಖ್ಯರಸ್ತೆಯ ಬದಿಯಲ್ಲಿ ಇಂಥ ಹಲವು ಟಿಪ್ಪರ್‌ಗಳು ಒಂದೇ ಕಾಂಪ್ಯಾಕ್ಟರ್ ಲಾರಿಗೆ ಕಸ ತುಂಬುತ್ತವೆ, ಅಲ್ಲಿಗೆ ಎಲ್ಲವೂ ಒಂದಾಗುತ್ತದೆ.

ಕೇಳಬೇಕಾದದ್ದು ಎರಡು. ಹೀಗಿರುವಾಗ ಮನೆಯಲ್ಲಿ ಬೇರ್ಪಡಿಸುವುದರಿಂದ ಪ್ರಯೋಜನವೇನು? ಸಿಂಗಪುರ, ಜಪಾನ್, ಡೆನ್ಮಾರ್ಕ್‌ಗಳಲ್ಲಿ ಕಸವನ್ನು ಸುಟ್ಟು ವಿದ್ಯುತ್ ತೆಗೆಯುತ್ತಾರೆಂದು ಓದಿದ್ದೇನೆ; ಸಾವಿರಾರು ಟನ್ ಕಸ ದಿನವೂ ಹುಟ್ಟುವ ನಮ್ಮ ನಗರ ಅದೇ ದಾರಿ ಹಿಡಿದು ಜನರಿಗೆ ಈ ಬುಟ್ಟಿಗಳ ತಾಪತ್ರಯವನ್ನೇ ತಪ್ಪಿಸಬಾರದೇಕೆ? 2025ರ ಏಪ್ರಿಲ್‌ನಿಂದ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ ಕಸದ ಶುಲ್ಕವನ್ನೂ ಆಸ್ತಿ ತೆರಿಗೆಯೊಂದಿಗೆ ಕಟ್ಟುತ್ತಿದ್ದೇವೆ. ಹಣ ಕೊಟ್ಟಮೇಲೆ ಕೇಳುವ ಹಕ್ಕಿದೆ ಎಂದು ಭಾವಿಸಿ ಬರೆದಿದ್ದೇನೆ. ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಉತ್ತರಿಸಬೇಕು.

ಉತ್ತರ 1: ಪರಿಸರ ಇಂಜಿನಿಯರ್, ಯಲಹಂಕ

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ಬಗೆಹರಿದರೆ ಮೊದಲನೆಯದೂ ಬಹುಮಟ್ಟಿಗೆ ಬಗೆಹರಿಯುತ್ತದೆ.

ಬೆಂಗಳೂರಿನ ಮನೆಗಳಿಂದ ಹೊರಬೀಳುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ: ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಮಿಕ್ಕ ಅನ್ನ, ಕಾಫಿ ಚರಟ, ಬಾಡಿದ ಹೂವು. ಇವುಗಳ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಒಂದು ಕಿಲೊ ನೀರನ್ನು ಆವಿಯಾಗಿಸುವುದಕ್ಕೇ ಸುಮಾರು 600 ಕಿಲೊಕ್ಯಾಲರಿ ಶಾಖ ಬೇಕು. ಎಂದರೆ, ಬೆರಕೆ ಕಸವನ್ನು ಕುಲುಮೆಗೆ ಹಾಕಿದಾಗ ಅದರಲ್ಲಿರುವ ಕಾಗದ, ಪ್ಲಾಸ್ಟಿಕ್‌ಗಳು ಉರಿದು ಕೊಡುವ ಶಾಖದ ದೊಡ್ಡ ಪಾಲು ಪಕ್ಕದಲ್ಲಿರುವ ಸೌತೆಕಾಯಿ ಸಿಪ್ಪೆಯನ್ನು ಒಣಗಿಸುವುದರಲ್ಲೇ ಖರ್ಚಾಗುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಿಲೊಗೆ 1500 ಕಿಲೊಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖಮೌಲ್ಯವುಳ್ಳ, ಮರುಬಳಕೆಗೆ ಬಾರದ ಕಸವನ್ನು ಹೂಳದೆ ಇಂಧನವಾಗಿ ಬಳಸಬೇಕೆಂದು ಹೇಳಿದ್ದವು. ನಮ್ಮ ಬೆರಕೆ ಕಸ, ಅದರಲ್ಲೂ ಮಳೆಗಾಲದಲ್ಲಿ, ಆ ಮಟ್ಟ ಮುಟ್ಟುವುದೇ ಕಷ್ಟ.

ಇದು ಬರಿಯ ಲೆಕ್ಕಾಚಾರವಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987ರಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ, ದಿನಕ್ಕೆ 300 ಟನ್ ಕಸ ಸುಟ್ಟು 3.75 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ಸ್ಥಾವರ ಕಟ್ಟಿದರು. ಅದು ನಿರೀಕ್ಷಿಸಿದ್ದ ಶಾಖದ ಅರ್ಧದಷ್ಟೂ ದೆಹಲಿಯ ಕಸದಿಂದ ಸಿಗಲಿಲ್ಲ. ಕೆಲವೇ ವಾರಗಳಲ್ಲಿ ಸ್ಥಾವರ ನಿಂತಿತು. ಯಂತ್ರ ಕೆಟ್ಟದ್ದೆಂದಲ್ಲ, ಅದನ್ನು ರೂಪಿಸಿದ್ದು ಬೇರೆ ಊರಿನ ಕಸಕ್ಕಾಗಿ. ನೀವು ಹೆಸರಿಸಿದ ದೇಶಗಳಲ್ಲಿ ಕಸದ ಡಬ್ಬಿಗೆ ಬೀಳುವುದರಲ್ಲಿ ಪೊಟ್ಟಣ, ಕಾಗದ, ಪ್ಲಾಸ್ಟಿಕ್‌ಗಳ ಪಾಲು ಹೆಚ್ಚು. ಸುಟ್ಟ ಮೇಲೆ ಉಳಿಯುವ ಬೂದಿಗೂ ಅವರು ಜಾಗ ಹುಡುಕಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಸಿಂಗಪುರ ತನ್ನ ಬೂದಿಯನ್ನು 1999ರಿಂದ ಸೆಮಕಾವ್ ಎಂಬ ದ್ವೀಪದಲ್ಲಿ ತುಂಬುತ್ತಿದೆ.

ನಮ್ಮಲ್ಲಿ ಕರ್ನಾಟಕ ವಿದ್ಯುತ್ ನಿಗಮ ಬಿಡದಿಯಲ್ಲಿ ಕಟ್ಟಿರುವ ಸ್ಥಾವರವನ್ನು ದಿನಕ್ಕೆ 600 ಟನ್ ಕಸ, 11.5 ಮೆಗಾವ್ಯಾಟ್ ಎಂಬ ಅಳತೆಗೆ ರೂಪಿಸಲಾಗಿದೆ. ನಗರದ ಕಸ ದಿನಕ್ಕೆ ಐದು ಸಾವಿರ ಟನ್ ಎಂದು ಹಿಡಿದರೂ ಅದು ಎಂಟನೆಯ ಒಂದು ಪಾಲು. ಆ ಪಾಲಾದರೂ ಸರಿಯಾಗಿ ಉರಿಯಬೇಕಾದರೆ ಅಲ್ಲಿಗೆ ಹೋಗುವುದು ಒಣ ಕಸವಾಗಿರಬೇಕು. ಅಲ್ಲಿಗೆ ನಿಮ್ಮ ಬುಟ್ಟಿಗಳ ತಾಪತ್ರಯ ಮತ್ತೆ ಬಂದೇಬಂತು. ಸುಡುವುದು ಬೇರ್ಪಡಿಸುವುದಕ್ಕೆ ಪರ್ಯಾಯವೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಇನ್ನು ಮೊದಲ ಪ್ರಶ್ನೆ. ನೀವು ಕಂಡದ್ದು ನಿಜ, ಅದು ವಿಜಯನಗರಕ್ಕೆ ಮಾತ್ರ ಸೀಮಿತವೂ ಅಲ್ಲ. ಕಾಂಪ್ಯಾಕ್ಟರ್ ಎಂಬುದು ಗಾತ್ರದಲ್ಲಿ ಹೆಚ್ಚಿದ್ದು ತೂಕದಲ್ಲಿ ಕಡಿಮೆಯಿರುವ ಕಸವನ್ನು ಒತ್ತಿ ಸಾಗಿಸುವುದಕ್ಕಾಗಿ ಹುಟ್ಟಿದ ವಾಹನ. ಅದರಲ್ಲಿ ಹಸಿ ಕಸ ತುಂಬಿ ಒತ್ತಿದರೆ ಕಪ್ಪು ರಸ ಹೊರಬರುತ್ತದೆ. ಲಾರಿ ನಿಲ್ಲುವ ಜಾಗದಲ್ಲಿ ಟಾರು ಸದಾ ಜಿಡ್ಡುಗಟ್ಟಿರುವುದು, ದ್ವಿಚಕ್ರ ವಾಹನಗಳು ಜಾರುವುದು ಅದರಿಂದಲೇ. ಹಸಿ ಕಸಕ್ಕೆ ಹತ್ತಿರದಲ್ಲೇ ಸಂಸ್ಕರಣೆಯ ಜಾಗವಿಲ್ಲದ ಕಾರಣ ಅದನ್ನು ದೂರಕ್ಕೆ ಹೊರಬೇಕಾಗಿದೆ. ದೂರಕ್ಕೆ ಹೊರಬೇಕಾದ್ದರಿಂದ ದೊಡ್ಡ ಲಾರಿ ಬೇಕು. ದೊಡ್ಡ ಲಾರಿಯನ್ನು ಬೇಗ ತುಂಬಿಸಿ ಕಳುಹಿಸಬೇಕಾದ್ದರಿಂದ ಯಾವುದರ ಮೇಲೆ ಯಾವುದು ಬಿತ್ತೆಂದು ಯಾರೂ ನೋಡುವುದಿಲ್ಲ. ಬೇರ್ಪಡಿಸುವಿಕೆ ಮನೆಯಲ್ಲಿ ಸೋಲುತ್ತಿಲ್ಲ, ಈ ಸರಪಳಿಯ ನಡುವಿನಲ್ಲಿ ಸೋಲುತ್ತಿದೆ.

ಹಿಂದುಳಿದ ದೇಶಗಳ ನಗರಗಳೆಲ್ಲದರ ಕಥೆಯೂ ಬಹುಪಾಲು ಇದೇ. ವಿಶ್ವಬ್ಯಾಂಕ್ 2018ರ ವರದಿಯಲ್ಲಿ ತೋರಿಸಿದಂತೆ ಕಡಿಮೆ ಆದಾಯದ ದೇಶಗಳಲ್ಲಿ ಸ್ಥಳೀಯ ಆಡಳಿತದ ಬಜೆಟ್ಟಿನ ಸರಾಸರಿ 20 ಪ್ರತಿಶತದಷ್ಟು ಕಸಕ್ಕೇ ಹೋಗುತ್ತದೆ, ಆದರೂ ಆ ಕಸದಲ್ಲಿ 90 ಪ್ರತಿಶತಕ್ಕೂ ಹೆಚ್ಚು ಬಯಲಿಗೆ ಬೀಳುತ್ತದೆ ಇಲ್ಲವೇ ಬಯಲಿನಲ್ಲೇ ಸುಟ್ಟುಹೋಗುತ್ತದೆ. ಹಣ ಗುಡಿಸುವುದಕ್ಕೂ ಹೊರುವುದಕ್ಕೂ ಮುಗಿದು, ಹೊತ್ತದ್ದನ್ನು ಏನು ಮಾಡಬೇಕೆಂಬ ಕೊನೆಯ ಹಂತಕ್ಕೆ ಚಿಲ್ಲರೆ ಮಾತ್ರ ಉಳಿದಿರುತ್ತದೆ.

ಉತ್ತರ 2: ಅಪಾರ್ಟ್‌ಮೆಂಟ್ ಸಂಘದ ಕಾರ್ಯಕರ್ತೆ, ಬೆಳ್ಳಂದೂರು

ಮೇಲಿನವರು ‘ಹತ್ತಿರದಲ್ಲೇ ಸಂಸ್ಕರಣೆ’ ಎಂದದ್ದಕ್ಕೆ ನಮ್ಮ ಅನುಭವವನ್ನು ಸೇರಿಸುತ್ತೇನೆ. ದೊಡ್ಡ ಅಪಾರ್ಟ್‌ಮೆಂಟ್‌ಗಳು, ಹೋಟೆಲುಗಳು, ಕಲ್ಯಾಣ ಮಂಟಪಗಳು ನಿಯಮದ ಪ್ರಕಾರ ಸಗಟು ಕಸ ಉತ್ಪಾದಕರು. ತಮ್ಮ ಹಸಿ ಕಸವನ್ನು ಆವರಣದೊಳಗೇ ಗೊಬ್ಬರ ಮಾಡಿಕೊಳ್ಳಬೇಕು, ಇಲ್ಲವೇ ಅನುಮತಿ ಪಡೆದ ಸಂಸ್ಥೆಗೆ ಹಣ ಕೊಟ್ಟು ಒಪ್ಪಿಸಬೇಕು. ಆದ್ದರಿಂದ ನಮ್ಮ ಕಸ ನಿಮ್ಮ ಬೀದಿಯ ಟಿಪ್ಪರಿಗೆ ಬರುವುದೇ ಇಲ್ಲ.

ನಾವು ಮೊದಲು ನೋಡಿದ್ದು ವಿದ್ಯುತ್ತಿನಿಂದ ನಡೆಯುವ ಗೊಬ್ಬರ ಯಂತ್ರಗಳನ್ನು. ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ ಎಂದು ಮಾರುವವರು ಹೇಳುತ್ತಾರೆ. ಅದರಿಂದ ಹೊರಬರುವುದು ಗೊಬ್ಬರವಲ್ಲ, ಪುಡಿಯಾಗಿ ಒಣಗಿದ ಕಸ. ಅದಕ್ಕೆ ನೀರು ಸೋಕಿದರೆ ಮತ್ತೆ ಕೊಳೆಯಲು ಶುರುವಾಗುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ದಿನ ಅವಕ್ಕೆ ಕೊಡಲೇಬೇಕು. ಹೀಗಾಗಿ ಗಾಳಿಯಾಡುವ ಸಾದಾ ತೊಟ್ಟಿಗಳನ್ನೇ ಆರಿಸಿಕೊಂಡೆವು. ಒಂದು ಪದರ ಹಸಿ ಕಸ, ಅದರ ಮೇಲೆ ಒಂದು ಪದರ ತೆಂಗಿನ ನಾರಿನ ಪುಡಿ ಅಥವಾ ತೋಟದ ಒಣ ಎಲೆ, ಜೊತೆಗೆ ಹಳೆಯ ತೊಟ್ಟಿಯಿಂದ ತೆಗೆದ ಅರೆಬೆಂದ ಗೊಬ್ಬರ ಒಂದಿಷ್ಟು. ಮೂರು ನಾಲ್ಕು ದಿನಕ್ಕೊಮ್ಮೆ ಕೆದಕಿ ಮಗುಚಬೇಕು. ತೇವ ಹದವಾಗಿದೆಯೇ ಎಂದು ನೋಡಲು ನಮ್ಮ ಕೆಲಸದಾಕೆ ಯಾವ ಉಪಕರಣವನ್ನೂ ಬಳಸುವುದಿಲ್ಲ. ಕೈಗವಸು ತೊಟ್ಟು ಒಂದು ಮುಷ್ಟಿ ತೆಗೆದು ಹಿಂಡುತ್ತಾರೆ: ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಿದರೆ ಒಣ ಎಲೆ ಸಾಲದು, ಮುಷ್ಟಿ ಬಿಚ್ಚಿದೊಡನೆ ಉದುರಿಹೋದರೆ ನೀರು ಸಾಲದು, ಉಂಡೆ ನಿಂತು ಕೈ ಮಾತ್ರ ಒದ್ದೆಯಾದರೆ ಸರಿ. ಒಂದೂವರೆ ತಿಂಗಳಿನ ಹೊತ್ತಿಗೆ ಮಣ್ಣಿನ ವಾಸನೆ ಬರುತ್ತದೆ. ಕೊಳೆತ ವಾಸನೆ ಬಂದರೆ ಗಾಳಿ ಸಿಗುತ್ತಿಲ್ಲವೆಂದೇ ಅರ್ಥ, ಅದಕ್ಕೆ ಸುಗಂಧ ಸಿಂಪಡಿಸಿ ಫಲವಿಲ್ಲ.

ತೊಂದರೆ ಕೊಡುವ ವಸ್ತುಗಳೂ ಇವೆ. ಎಳನೀರಿನ ಬುರುಡೆ ಕತ್ತರಿಸದೆ ಕೊಳೆಯುವುದಿಲ್ಲ. ಮಾವಿನ ಓಟೆ, ಮೂಳೆಗಳನ್ನು ಬೇರೆಯಾಗಿ ಇಡಬೇಕು. ಆಯುಧಪೂಜೆಯ ಮರುದಿನದ ಬಾಳೆಕಂದು, ಬೂದುಗುಂಬಳಕಾಯಿಗಳಂತೂ ನಮ್ಮ ಆವರಣದ ಸಮಸ್ಯೆ ಮಾತ್ರವಲ್ಲ, ಕೆ.ಆರ್. ಮಾರುಕಟ್ಟೆಯ ಸುತ್ತ ಆ ವಾರ ನಡೆದಾಡಿದವರಿಗೆ ಹೇಳಬೇಕಾಗಿಲ್ಲ.

ಬಿಡಿ ಮನೆಗಳವರಿಗೂ ಇದು ಸಾಧ್ಯವಿಲ್ಲವೆಂದಲ್ಲ. ತಾರಸಿಯ ಮೇಲೆ ಮೂರು ಅಂತಸ್ತಿನ ಮಣ್ಣಿನ ಮಡಕೆಗಳನ್ನಿಟ್ಟು ಗೊಬ್ಬರ ಮಾಡುವವರು ನಗರದಲ್ಲಿ ಸಾಕಷ್ಟು ಮಂದಿ ಇದ್ದಾರೆ, ಬೇರೆ ಬೇರೆ ವಿಧಾನಗಳನ್ನು ಕಣ್ಣಾರೆ ನೋಡಬೇಕೆಂದರೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಬಹುದು. ಆದರೆ ತಾರಸಿಯೂ ಇಲ್ಲದೆ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಐದು ಜನ ಇರುವವರಿಗೆ ಇದನ್ನು ಉಪದೇಶ ಮಾಡುವುದು ನನಗೆ ಸರಿಯೆನಿಸುವುದಿಲ್ಲ. ಅವರ ಹಸಿ ಕಸಕ್ಕೆ ವಾರ್ಡಿನಲ್ಲೇ ಒಂದು ಗೊಬ್ಬರದ ಜಾಗ ಮಾಡಿಕೊಡುವುದು ಆಡಳಿತದ ಹೊಣೆ.

ಉತ್ತರ 3: ಒಣ ಕಸದ ಕೆಲಸದವ, ನಾಯಂಡಹಳ್ಳಿ

ಪ್ರಶ್ನೆ ಕೇಳಿದವರು ಟಿಪ್ಪರಿನ ಪಕ್ಕದ ಗೋಣಿಚೀಲಗಳನ್ನು ಸ್ವಲ್ಪ ಅನುಮಾನದಿಂದ ನೋಡಿದಂತಿದೆ. ಅವುಗಳ ಕುರಿತು ನಾಲ್ಕು ಮಾತು ಹೇಳಬೇಕು.

ನಿಮ್ಮ ಬೀದಿಯಲ್ಲಿ ಹೂಳದೆ, ಸುಡದೆ ಖಚಿತವಾಗಿ ಮರುಬಳಕೆಗೆ ಹೋಗುತ್ತಿರುವುದು ಏನಾದರೂ ಇದ್ದರೆ ಅದು ಆ ಚೀಲಗಳಲ್ಲಿರುವುದು ಮಾತ್ರ. ಹಾಲಿನ ಕವರಿಗೆ ಬೆಲೆಯಿದೆ, ನೀರಿನ ಬಾಟಲಿಗೆ ಬೆಲೆಯಿದೆ, ರಟ್ಟಿಗೂ ಇದೆ, ಆದರೆ ಅವುಗಳ ಮೇಲೆ ಸಾರು ಚೆಲ್ಲಿದರೆ ಬೆಲೆ ಬಿದ್ದುಹೋಗುತ್ತದೆ. ಸಹಾಯಕರು ಅವನ್ನು ಎತ್ತಿ ಬೇರೆ ಇಡುವುದು ಅದಕ್ಕಾಗಿ. ಆ ಚೀಲ ಗುಜರಿ ಅಂಗಡಿಗೆ ಹೋಗುತ್ತದೆ, ಅಲ್ಲಿಂದ ಜಾಲಿ ಮೊಹಲ್ಲಾದಂಥ ಸಗಟು ಜಾಗಗಳಿಗೆ, ಪ್ಲಾಸ್ಟಿಕ್ಕಾದರೆ ನಮ್ಮ ನಾಯಂಡಹಳ್ಳಿಗೆ. ಇಲ್ಲಿ ಹೆಂಗಸರು ನೆಲದ ಮೇಲೆ ಕುಳಿತು ಬಣ್ಣ, ದಪ್ಪ, ಜಾತಿ ನೋಡಿ ವಿಂಗಡಿಸುತ್ತಾರೆ. ಗುರುತು ಸಿಗದ ತುಂಡನ್ನು ಬಗ್ಗಿಸಿ ನೋಡುತ್ತಾರೆ, ಉಗುರಿನಿಂದ ತಟ್ಟಿ ಸದ್ದು ಕೇಳುತ್ತಾರೆ; ಆ ಸದ್ದಿನಲ್ಲೇ ಯಾವ ಪ್ಲಾಸ್ಟಿಕ್ ಎಂದು ತಿಳಿಯುತ್ತದೆ. ಚಿಪ್ಸ್, ಶ್ಯಾಂಪೂ ಪೊಟ್ಟಣಗಳಂಥ ಹಲವು ಪದರದ ಪ್ಲಾಸ್ಟಿಕ್ಕನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಅದನ್ನು ಯಾರಾದರೂ ಸಾಗಣೆ ವೆಚ್ಚ ಭರಿಸಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಳುಹಿಸಬೇಕು, ಆ ವೆಚ್ಚ ಅದನ್ನು ತಯಾರಿಸಿದ ಕಂಪನಿಯ ಮೇಲೆ ಬೀಳಬೇಕೆಂಬುದೇ ಉತ್ಪಾದಕರ ಹೊಣೆಗಾರಿಕೆಯ ನಿಯಮದ ಆಶಯ.

ಬೆಂಗಳೂರು 2011ರಲ್ಲಿ ಚಿಂದಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಟ್ಟಿತು. ಆಮೇಲೆ ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸುವಂತಾಯಿತು. ಹಸಿರುದಳದಂಥ ಸಂಘಟನೆಗಳು ಅದಕ್ಕಾಗಿ ದುಡಿದಿವೆ. ಪುಣೆಯಲ್ಲಿ 2008ರಿಂದ ಚಿಂದಿ ಆಯುವ ಹೆಂಗಸರ ಸಹಕಾರ ಸಂಘವಾದ ‘ಸ್ವಚ್ಛ್’ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುತ್ತಿದೆ, ಪ್ರತಿ ಮನೆಯಿಂದ ನೇರವಾಗಿ ಶುಲ್ಕ ಪಡೆಯುತ್ತಿದೆ. ಇಂಥವರನ್ನು ಬದಿಗೆ ಸರಿಸಿ ದೊಡ್ಡ ಗುತ್ತಿಗೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಈಜಿಪ್ಟಿನ ಕೈರೋ ನಗರವನ್ನು ನೋಡಬೇಕು. ಅಲ್ಲಿ ಜಬ್ಬಾಲೀನ್ ಎಂಬ ಸಮುದಾಯ ತಲೆಮಾರುಗಳಿಂದ ಮನೆಬಾಗಿಲಿನಿಂದ ಕಸ ಹೊತ್ತು, ಅದರಲ್ಲಿ ಸುಮಾರು 80 ಪ್ರತಿಶತವನ್ನು ಮತ್ತೆ ಬಳಕೆಗೆ ತರುತ್ತಿತ್ತು. ಹಸಿ ಕಸವನ್ನು ತಾವು ಸಾಕಿದ ಹಂದಿಗಳಿಗೆ ಹಾಕುತ್ತಿದ್ದರು. 2003ರ ಹೊತ್ತಿಗೆ ಸರ್ಕಾರ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು, ಅವರು ಬೀದಿಯಲ್ಲಿ ತೊಟ್ಟಿ ಇಟ್ಟರು. 2009ರಲ್ಲಿ ಹಂದಿಜ್ವರದ ಭಯದಿಂದ ದೇಶದ ಹಂದಿಗಳನ್ನೆಲ್ಲ ಕೊಲ್ಲಿಸಿದ ಮೇಲೆ ಹಸಿ ಕಸ ಕೈರೋದ ಬೀದಿಗಳಲ್ಲಿ ಕೊಳೆಯತೊಡಗಿತು.

ಇನ್ನು ಕೆಂಪು ಬುಟ್ಟಿ. ಡೈಪರ್, ಪ್ಯಾಡ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಡಿ. ಗಾಡಿಯಲ್ಲಿ ಅದು ಎಲ್ಲಿಗೇ ಬೀಳಲಿ, ಮುಂದೆ ಕೈ ಹಾಕುವವರಿಗೆ ಬಿಚ್ಚಬಾರದೆಂದು ತಿಳಿಯುತ್ತದೆ.

ಉತ್ತರ 4: ಹೆಸರಘಟ್ಟ ಕಡೆಯವ

ಮೇಲೆ ಬರೆದವರೆಲ್ಲ ನಗರದೊಳಗಿನವರು. ಲಾರಿ ಹೋಗಿ ನಿಲ್ಲುವ ಕಡೆಯಿಂದ ಒಬ್ಬ ಬರೆಯುತ್ತಿದ್ದೇನೆ.

ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಆ ಕಸ ಮಂಡೂರಿನ ಕಡೆ ತಿರುಗಿತು. ಅಲ್ಲಿನ ಜನ ಬೀದಿಗಿಳಿದ ಮೇಲೆ 2014ರ ಡಿಸೆಂಬರ್ 1ರಿಂದ ಅಲ್ಲಿಯೂ ನಿಂತಿತು. ಆಮೇಲೆ ಅದು ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿಯ ದಾರಿ, ಬೆಳ್ಳಹಳ್ಳಿ ಮತ್ತು ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳ ದಾರಿ ಹಿಡಿಯಿತು. ಪ್ರತಿಯೊಂದು ಸಲವೂ ನಗರದ ಪತ್ರಿಕೆಗಳಲ್ಲಿ ಬರುವುದು ‘ಕಸದ ಬಿಕ್ಕಟ್ಟು’ ಎಂದು. ನಮ್ಮ ಊರುಗಳ ಬಾವಿಗೆ, ಕೊಳವೆಬಾವಿಗೆ ಆ ಕಪ್ಪು ರಸ ಇಳಿಯುವುದು ಲಾರಿ ಬರುವ ದಿನಗಳಿಗೆ ಮುಗಿಯುವುದಿಲ್ಲ, ಲಾರಿ ನಿಂತು ಎಷ್ಟೋ ವರ್ಷಗಳ ಮೇಲೂ ಗುಡ್ಡ ಅಲ್ಲೇ ಇರುತ್ತದೆ, ಪ್ರತಿ ಮಳೆಗೂ ರಸ ಸುರಿಸುತ್ತದೆ.

ಆ ರಸ ಹುಟ್ಟುವುದು ಹಸಿ ಕಸದಿಂದ. ಒಳಗೆ ಮೀಥೇನ್ ಕಟ್ಟಿಕೊಂಡು ಬೇಸಿಗೆಯಲ್ಲಿ ಬೆಂಕಿ ಹತ್ತುವುದೂ ಅದರಿಂದಲೇ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಗುಡ್ಡ ಹೊತ್ತಿ ಉರಿದು ಇಡೀ ನಗರ ದಿನಗಟ್ಟಲೆ ಹೊಗೆ ಕುಡಿಯಿತು. ಮನಿಲಾದ ಪಯಾಟಾಸ್‌ನಲ್ಲಿ 2000ದ ಜುಲೈನಲ್ಲಿ ಮಳೆಗೆ ನೆನೆದ ಕಸದ ಬೆಟ್ಟ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಕೊಲಂಬೊದ ಮೀತೊಟಮುಲ್ಲದಲ್ಲಿ 2017ರ ಏಪ್ರಿಲ್‌ನಲ್ಲಿ ಹಾಗೆಯೇ ಬೆಟ್ಟ ಕುಸಿದು ಹಲವರು ಸತ್ತರು. ಸತ್ತವರಲ್ಲಿ ಬಹುತೇಕರು ಬೆಟ್ಟದ ಬುಡದಲ್ಲಿದ್ದ ಬಡವರು.

ಸಂಸ್ಕರಣಾ ಘಟಕ ಎಂದರೆ ನಮ್ಮ ಜನ ಏಕೆ ಬಾಗಿಲು ಹಾಕುತ್ತಾರೆಂದು ನಗರದವರು ಕೇಳುತ್ತಾರೆ. ಘಟಕ ಎಂದು ಹೇಳಿ ಬೆರಕೆ ಕಸ ತಂದರೆ ಅದು ಸುರಿಯುವ ಜಾಗವೇ ಆಗುತ್ತದೆ, ಬೋರ್ಡು ಬದಲಾಗಬಹುದಷ್ಟೆ. ಬೆರಕೆ ಕಸದ ಗೊಬ್ಬರವನ್ನು ನಮ್ಮ ರೈತರಿಗೆ ಪುಕ್ಕಟೆ ಕೊಟ್ಟರೂ ಹೊಲಕ್ಕೆ ಹಾಕುವವರಿಲ್ಲ. ಗಾಜಿನ ಚೂರು, ಬ್ಲೇಡು, ಪ್ಲಾಸ್ಟಿಕ್ ಎಳೆಗಳ ನಡುವೆ ಬರಿಗಾಲಲ್ಲಿ ನಿಂತು ಕಳೆ ಕೀಳುವವರು ನಮ್ಮ ಮನೆಯ ಹೆಂಗಸರು. ಶುದ್ಧವಾದ ಹಸಿ ಕಸದ ಗೊಬ್ಬರವಾದರೆ ಮಾತೇ ಬೇರೆ, ಕೊಟ್ಟಿಗೆ ಗೊಬ್ಬರ ಸಿಗದ ಈ ಕಾಲದಲ್ಲಿ ಹಣ ಕೊಟ್ಟು ಒಯ್ಯುವವರಿದ್ದಾರೆ.

ಪ್ರಶ್ನೆ ಕೇಳಿದವರಿಂದ: ವಿಜಯನಗರ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಸುಡುವ ವಿಷಯದಲ್ಲಿ ನನಗಿನ್ನು ಸಂಶಯವಿಲ್ಲ. ಹೆಸರಘಟ್ಟ ಕಡೆಯವರು ಬರೆದದ್ದನ್ನು ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓದಲು ಹಾಕಿದ್ದೇನೆ. ಇನ್ನು ಪ್ರಾಯೋಗಿಕವಾಗಿ ಕೇಳುತ್ತೇನೆ: ನಡುವಿನ ಆ ಸರಪಳಿಯನ್ನು ಸರಿಪಡಿಸಲು ನಮ್ಮಂಥ ಒಂದು ಬೀದಿಯವರು ಯಾರನ್ನು, ಏನೆಂದು ಕೇಳಬೇಕು? ಟಿಪ್ಪರಿನವರೊಂದಿಗೆ ಜಗಳವಾಡಿ ಆಗಿದೆ, ಅದರಿಂದ ಏನೂ ಆಗಲಿಲ್ಲ.

ಉತ್ತರ 5: ಪರಿಸರ ಇಂಜಿನಿಯರ್, ಯಲಹಂಕ

ಟಿಪ್ಪರಿನವರೊಂದಿಗೆ ಜಗಳ ಬೇಡ. ಅವರು ಗುತ್ತಿಗೆದಾರರ ಕೈಕೆಳಗಿನವರು, ತುಂಬಿದ ಗಾಡಿಯನ್ನು ಎಲ್ಲಿ ಖಾಲಿ ಮಾಡಬೇಕೆಂಬ ತೀರ್ಮಾನ ಅವರದಲ್ಲ.

ನಿಮ್ಮ ವಾರ್ಡಿನ ಹಸಿ ಕಸ ಯಾವ ಘಟಕಕ್ಕೆ ಹೋಗುತ್ತಿದೆ ಎಂಬ ಒಂದೇ ಪ್ರಶ್ನೆಯನ್ನು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತಕ್ಕೆ ಲಿಖಿತವಾಗಿ ಕೇಳಿ. ಘಟಕದ ಹೆಸರು ಬಂದ ಮೇಲೆ, ಅಲ್ಲಿ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ (ವೇಬ್ರಿಡ್ಜ್) ನಿಮ್ಮ ವಾರ್ಡಿನ ಲಾರಿಗಳ ಹೆಸರಿನಲ್ಲಿ ಒಂದು ತಿಂಗಳು ದಾಖಲಾದ ತೂಕದ ಚೀಟಿಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಹಸಿ ಕಸ, ಬೆರಕೆ ಕಸ ಎಂದು ಅದರಲ್ಲಿ ಬೇರೆ ಬೇರೆಯಾಗಿ ಬರೆದಿದ್ದರೆ ನಿಮಗೆ ಒಂದು ಅಳತೆ ಸಿಕ್ಕಂತಾಯಿತು. ಬೇರೆ ಬರೆಯುವ ಪದ್ಧತಿಯೇ ಇಲ್ಲವಾದರೆ ನಿಮ್ಮ ದೂರಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಎರಡನೆಯದಾಗಿ, ಒಣ ಕಸವನ್ನು ದಿನವೂ ಕೊಡಬೇಡಿ. ಬೀದಿಯವರೆಲ್ಲ ಸೇರಿ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಅಂದು ಮಾತ್ರ ವಾರ್ಡಿನ ಒಣ ಕಸ ಕೇಂದ್ರದವರಿಗೆ ನೇರವಾಗಿ ಒಪ್ಪಿಸಿ. ಉಳಿದ ದಿನಗಳಲ್ಲಿ ಟಿಪ್ಪರಿಗೆ ಹೋಗುವುದು ಹಸಿ ಕಸ ಮತ್ತು ಸುತ್ತಿ ಗುರುತು ಹಾಕಿದ ಪೊಟ್ಟಣಗಳು ಮಾತ್ರ. ಆಗ ಗಾಡಿಯಲ್ಲಿ ಬೆರೆಸಲು ಹೆಚ್ಚಿನದೇನೂ ಉಳಿಯುವುದಿಲ್ಲ. ಕೇಂದ್ರದವರು ನಿಮ್ಮ ಬೀದಿಯವರೆಗೆ ಬರಬೇಕಾದರೆ ಒಂದು ಗಾಡಿ ತುಂಬುವಷ್ಟು ಮಾಲು ಇರಬೇಕು, ಆದ್ದರಿಂದ ಅಕ್ಕಪಕ್ಕದ ಎರಡು ಮೂರು ಅಡ್ಡರಸ್ತೆಗಳನ್ನೂ ಸೇರಿಸಿಕೊಂಡು ಮಾತನಾಡಿ.